ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಪರೀಕ್ಷೆ: ಮೊದಲು ಡಿಸಿ, ಆಮೇಲೆ ಸಿಗ್ನಲ್

ಬೆಂಗಳೂರಿನ ಯಾವ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಹೋದರೂ ಆಂಪ್ಲಿಫೈಯರ್ ಪ್ರಯೋಗದ ದಿನ ಕಿವಿಗೆ ಬೀಳುವ ಮಾತು ಒಂದೇ: "ಸರ್, ಔಟ್‌ಪುಟ್ ಬರ್ತಿಲ್ಲ." ಅದಕ್ಕೆ ಕೇಳಬೇಕಾದ ಪ್ರಶ್ನೆಯೂ ಒಂದೇ: "ಕಲೆಕ್ಟರ್ ಹತ್ರ ಎಷ್ಟು ವೋಲ್ಟ್ ಇದೆ ನೋಡಿದ್ಯೇನಪ್ಪಾ?" ನೋಡಿರುವುದಿಲ್ಲ. ಕನೆಕ್ಷನ್ ಕೊಟ್ಟ ಕೂಡಲೇ ಫಂಕ್ಷನ್ ಜನರೇಟರ್ (ಪರೀಕ್ಷೆಗೆ ಬೇಕಾದ ಸಿಗ್ನಲ್ ಕೊಡುವ ಉಪಕರಣ) ಹಚ್ಚಿ, ಸ್ಕೋಪಿನ (ಸಿಗ್ನಲ್ಲಿನ ಆಕಾರ ತೋರಿಸುವ ಆಸಿಲೋಸ್ಕೋಪಿನ) ಪರದೆ ನೋಡುತ್ತಾ ಕೂತಿರುತ್ತಾರೆ. ಗೆರೆ ನೇರವಾಗಿದ್ದರೆ ಟ್ರಾನ್ಸಿಸ್ಟರ್ ಬದಲಿಸುತ್ತಾರೆ, ಆಮೇಲೆ ಬ್ರೆಡ್‌ಬೋರ್ಡ್, ಕೊನೆಗೆ ಟೇಬಲ್ಲನ್ನೇ ಬದಲಿಸುತ್ತಾರೆ.

ಇಷ್ಟೆಲ್ಲ ಪಾಡು ಬೇಕಿಲ್ಲ. ಸಿಗ್ನಲ್ ಕೊಡುವ ಮೊದಲು ಮೂರು ಜಾಗದಲ್ಲಿ ಡಿಸಿ ವೋಲ್ಟೇಜ್ ಅಳೆದು, ಮೊದಲೇ ಬರೆದಿಟ್ಟ ಲೆಕ್ಕದ ಪಕ್ಕ ಇಟ್ಟು ನೋಡಿದರೆ ದೋಷ ಯಾವ ಕಾಲಿನಲ್ಲಿದೆ ಎಂಬುದು ಬಹುತೇಕ ಅಲ್ಲೇ ಗೊತ್ತಾಗುತ್ತದೆ. ಇದೊಂದು ಅಭ್ಯಾಸ ಕೈಗೆ ಹತ್ತಲಿ ಎಂಬುದಕ್ಕಾಗಿಯೇ ಈ ಲೇಖನ. ಒಂದೇ ಸರ್ಕ್ಯೂಟ್ ಹಿಡಿದು ಮೊದಲಿಂದ ಕೊನೆಯವರೆಗೆ ಹೋಗೋಣ.

ಸರ್ಕ್ಯೂಟ್ ಮತ್ತು ಸಾಮಾನು

ಕಾಮನ್ ಎಮಿಟರ್ ಆಂಪ್ಲಿಫೈಯರ್, ಟ್ರಾನ್ಸಿಸ್ಟರ್ ಬಿಸಿ547ಬಿ, ಸಪ್ಲೈ 12 ವೋಲ್ಟ್. 12 ವೋಲ್ಟಿನಿಂದ ಬೇಸಿಗೆ 47 ಕಿಲೋಓಮ್, ಬೇಸಿನಿಂದ ಗ್ರೌಂಡಿಗೆ 10 ಕಿಲೋಓಮ್. ಕಲೆಕ್ಟರ್‌ಗೆ 12 ವೋಲ್ಟಿನಿಂದ 3.3 ಕಿಲೋಓಮ್. ಎಮಿಟರ್‌ನಿಂದ ಗ್ರೌಂಡಿಗೆ 1 ಕಿಲೋಓಮ್, ಅದರ ಮೇಲೆ ಸಮಾನಾಂತರವಾಗಿ 100 ಮೈಕ್ರೊಫ್ಯಾರಡ್ ಬೈಪಾಸ್ ಕೆಪಾಸಿಟರ್. ಒಳಬರುವ ಕಡೆ 10 ಮೈಕ್ರೊಫ್ಯಾರಡ್, ಹೊರಹೋಗುವ ಕಡೆ 10 ಮೈಕ್ರೊಫ್ಯಾರಡ್. ಲೋಡ್ ಆಗಿ 10 ಕಿಲೋಓಮ್, ಆದರೆ ಅದನ್ನು ಕೊನೆಗೆ ಹಾಕುತ್ತೇವೆ.

ಲ್ಯಾಬಿನ ಹೊರಗೆ ಮನೆಯಲ್ಲೇ ಮಾಡುವವರಿಗೆ ಎಸ್.ಪಿ. ರೋಡ್ ಇದೆ, ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಅಂಗಡಿಯಲ್ಲಿ "547" ಎಂದಷ್ಟೇ ಕೇಳದೆ "ಬಿಸಿ547ಬಿ" ಎಂದು ಪೂರ್ತಿ ಹೇಳಿ. ಕೊನೆಯ ಅಕ್ಷರ ಕರೆಂಟ್ ಗೇನಿನ, ಅಂದರೆ ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್‌ನಲ್ಲಿ ಹರಿಯುತ್ತದೆ ಎಂಬುದರ ವರ್ಗ: ಎ ಆದರೆ 110ರಿಂದ 220, ಬಿ ಆದರೆ 200ರಿಂದ 450, ಸಿ ಆದರೆ 420ರಿಂದ 800. ಮನೆಗೆ ತಂದ ಮೇಲೆ ಮೊಬೈಲ್ ಟಾರ್ಚ್ ಹಾಕಿ ಮುಖದ ಮೇಲಿನ ಬರಹ ಓದಿ. ಬಿಸಿ557 ನೋಡಲು ತದ್ರೂಪ ಹೀಗೇ ಇರುತ್ತದೆ, ಆದರೆ ಅದು ಪಿಎನ್‌ಪಿ, ನಮ್ಮ ಎನ್‌ಪಿಎನ್‌ಗೆ ಹೋಲಿಸಿದರೆ ಕರೆಂಟಿನ ದಿಕ್ಕು ಉಲ್ಟಾ ಇರುವ ಜಾತಿ.

ರೆಸಿಸ್ಟರ್‌ಗಳ ಬಣ್ಣ: 47 ಕಿಲೋಓಮ್ ಹಳದಿ, ನೇರಳೆ, ಕಿತ್ತಳೆ. 10 ಕಿಲೋಓಮ್ ಕಂದು, ಕಪ್ಪು, ಕಿತ್ತಳೆ. 3.3 ಕಿಲೋಓಮ್ ಕಿತ್ತಳೆ, ಕಿತ್ತಳೆ, ಕೆಂಪು. 1 ಕಿಲೋಓಮ್ ಕಂದು, ಕಪ್ಪು, ಕೆಂಪು. 1 ಮತ್ತು 10 ಕಿಲೋಓಮ್‌ಗೆ ಇರುವ ವ್ಯತ್ಯಾಸ ಮೂರನೇ ಪಟ್ಟಿ ಮಾತ್ರ, ಅದೂ ಕೆಂಪು ಮತ್ತು ಕಿತ್ತಳೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಇವೆರಡು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಕಣ್ಣನ್ನು ನಂಬದೆ ಪ್ರತಿ ರೆಸಿಸ್ಟರ್ ಅನ್ನೂ ಮೀಟರಿನಲ್ಲಿ ಅಳೆದೇ ಬೋರ್ಡಿಗೆ ಚುಚ್ಚಿ.

ಸ್ವಿಚ್ ಹಾಕುವ ಮೊದಲು ಲೆಕ್ಕ

ಈ ಭಾಗವನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು, ಹಾಗಾಗಿ ಒತ್ತಿ ಹೇಳುತ್ತೇನೆ. ಆಬ್ಸರ್ವೇಶನ್ ಪುಸ್ತಕದಲ್ಲಿ ಈ ಸಂಖ್ಯೆಗಳು ಇಲ್ಲದೆ ಸಪ್ಲೈ ಆನ್ ಮಾಡಬೇಡಿ.

ಬೇಸ್ ವೋಲ್ಟೇಜ್: 12 × 10 ÷ 57, ಅಂದರೆ 2.1 ವೋಲ್ಟ್. ಬೇಸ್ ತಾನೂ ಐದಾರು ಮೈಕ್ರೊಆಂಪ್ ಎಳೆಯುವುದರಿಂದ ನಿಜವಾಗಿ 2.05ರ ಹತ್ತಿರ ಬರುತ್ತದೆ. ಎಮಿಟರ್ ಅದಕ್ಕಿಂತ ಸುಮಾರು 0.65 ವೋಲ್ಟ್ ಕೆಳಗೆ, ಅಂದರೆ 1.4 ವೋಲ್ಟ್. ಎಮಿಟರ್ ರೆಸಿಸ್ಟರ್ 1 ಕಿಲೋಓಮ್ ಆದ್ದರಿಂದ ಕರೆಂಟ್ 1.4 ಮಿಲಿಆಂಪ್. ಕಲೆಕ್ಟರ್ ರೆಸಿಸ್ಟರಿನಲ್ಲಿ 1.4 × 3.3, ಅಂದರೆ 4.6 ವೋಲ್ಟ್ ಇಳಿಯುತ್ತದೆ. ಕಲೆಕ್ಟರ್‌ನಲ್ಲಿ ಉಳಿಯುವುದು 7.4 ವೋಲ್ಟ್. ಕಲೆಕ್ಟರ್‌ಗೂ ಎಮಿಟರ್‌ಗೂ ನಡುವೆ 6 ವೋಲ್ಟ್, ಸಪ್ಲೈಯ ಅರ್ಧ.

2.05, 1.4, 7.4. ಈ ಮೂರು ಸಂಖ್ಯೆಗಳು ಬಾಯಲ್ಲಿರಲಿ.

ಗೇನಿನ, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದರ ಲೆಕ್ಕವೂ ಈಗಲೇ ಆಗಲಿ. ಎಮಿಟರ್ ಜಂಕ್ಷನ್ನಿನ ಒಳ ರೆಸಿಸ್ಟೆನ್ಸ್ 26 ಮಿಲಿವೋಲ್ಟ್ ಭಾಗಿಸು 1.4 ಮಿಲಿಆಂಪ್, ಸುಮಾರು 18.5 ಓಮ್. 3300 ಅನ್ನು 18.5ರಿಂದ ಭಾಗಿಸಿದರೆ 178. ಟ್ರಾನ್ಸಿಸ್ಟರಿನ ಸ್ವಂತ ಔಟ್‌ಪುಟ್ ರೆಸಿಸ್ಟೆನ್ಸ್ ಮತ್ತು ಇನ್‌ಪುಟ್ ಕಡೆಯ ಸಣ್ಣ ನಷ್ಟ ಕಳೆದರೆ, ಲೋಡ್ ಇಲ್ಲದೆ 150ರಿಂದ 170ರವರೆಗೆ ನಿರೀಕ್ಷಿಸಬಹುದು. ಬೈಪಾಸ್ ಕೆಪಾಸಿಟರ್ ತೆಗೆದರೆ ಗೇನ್ ಬರೀ 3.3. ಈ ಎರಡು ಅಂಕಿಗಳ ನಡುವಿನ ಅಂತರ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಟ್ರಾನ್ಸಿಸ್ಟರ್ ಒಂದನ್ನೇ ನೋಡುವುದು

ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲುಗಳು ಕೆಳಗೆ ಬರುವಂತೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪ್ಲಾಸ್ಟಿಕ್ ಮೈಯ ಬೇರೆ ಟ್ರಾನ್ಸಿಸ್ಟರ್‌ಗಳಲ್ಲಿ ಇದೇ ಕ್ರಮ ಇರುತ್ತದೆ ಎಂದುಕೊಳ್ಳಬೇಡಿ. ಪಿಎನ್2222ಎ ತೆಗೆದುಕೊಂಡರೆ ಅದರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಹಳೆಯ ಲ್ಯಾಬುಗಳಲ್ಲಿ ಇಂದಿಗೂ ಲೋಹದ ಟೋಪಿಯ ಎಸ್‌ಎಲ್100 ಸಿಗುತ್ತದೆ. ಅದರ ಅಂಚಿನಲ್ಲಿ ಹೊರಚಾಚಿದ ಚಿಕ್ಕ ನಾಲಿಗೆಯ ಪಕ್ಕದ ಕಾಲು ಎಮಿಟರ್. ಅದರ ಲೋಹದ ಮೈ ಒಳಗಿನಿಂದ ಕಲೆಕ್ಟರ್‌ಗೆ ಸೇರಿರುವುದರಿಂದ ಪಕ್ಕದ ತಂತಿಗೆ ತಾಗದಂತೆ ನೋಡಿಕೊಳ್ಳಬೇಕು. ಟ್ರಾನ್ಸಿಸ್ಟರಿಗೂ ಈ ಊರಿಗೂ ಹಳೆಯ ನಂಟು: 1954ರಲ್ಲಿ ಸ್ಥಾಪನೆಯಾದ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್‌ಗಳ ತಯಾರಿಕೆ ಶುರು ಮಾಡಿತ್ತು.

ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ. ಕೆಂಪು ಪ್ರೋಬ್ ಬೇಸಿಗೆ, ಕಪ್ಪು ಪ್ರೋಬ್ ಮೊದಲು ಎಮಿಟರ್‌ಗೆ, ಆಮೇಲೆ ಕಲೆಕ್ಟರ್‌ಗೆ. ಎರಡರಲ್ಲೂ 0.6ರಿಂದ 0.7ರ ಒಳಗೆ ಬರಬೇಕು, ಎಮಿಟರ್ ಕಡೆಯದು ಕೂದಲೆಳೆಯಷ್ಟು ಹೆಚ್ಚಿರುತ್ತದೆ. ಪ್ರೋಬ್ ಅದಲುಬದಲು ಮಾಡಿದರೆ ಏನೂ ತೋರಬಾರದು, ಕಲೆಕ್ಟರ್‌ಗೂ ಎಮಿಟರ್‌ಗೂ ನಡುವೆ ಎರಡು ದಿಕ್ಕಿನಲ್ಲೂ ಏನೂ ತೋರಬಾರದು. ಮುಳ್ಳಿನ ಹಳೆಯ ಮೀಟರ್ ಬಳಸುವವರು ಗಮನಿಸಿ: ಅವುಗಳ ಓಮ್ ಸ್ಥಾನದಲ್ಲಿ ಸಾಮಾನ್ಯವಾಗಿ ಕಪ್ಪು ಪ್ರೋಬೇ ಪಾಸಿಟಿವ್.

ಮೀಟರಿನಲ್ಲಿ ಎಚ್‌ಎಫ್‌ಇ (ಕರೆಂಟ್ ಗೇನ್ ಅಳೆಯುವ) ಸಾಕೆಟ್ ಇದ್ದರೆ ಅದರಲ್ಲೂ ಒಮ್ಮೆ ಹಾಕಿ, ಬಂದ ಸಂಖ್ಯೆ ಬರೆದಿಡಿ. ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲ್ಲಿಗೆ ಸರ್ಕ್ಯೂಟ್ ಒಡ್ಡುವ ತಡೆ) ಲೆಕ್ಕಕ್ಕೆ ಅದು ಬೇಕಾಗುತ್ತದೆ.

ಬೋರ್ಡಿನ ಮೇಲೆ

ಉದ್ದನೆಯ ಬ್ರೆಡ್‌ಬೋರ್ಡ್ ಆದರೆ ಮೇಲೆ ಕೆಳಗೆ ಇರುವ ಸಪ್ಲೈ ಸಾಲು ನಡುವೆ ತುಂಡಾಗಿರುವುದುಂಟು. ಕಂಟಿನ್ಯೂಟಿ ನೋಡಿ, ತುಂಡಾಗಿದ್ದರೆ ಜಂಪರ್ ಹಾಕಿ. ಸಪ್ಲೈ ಸಾಲಿಗೂ ಗ್ರೌಂಡ್ ಸಾಲಿಗೂ ನಡುವೆ ಒಂದು 100 ನ್ಯಾನೊಫ್ಯಾರಡ್ ಡಿಸ್ಕ್ ಕೆಪಾಸಿಟರ್ ಚುಚ್ಚಿಬಿಡಿ. ತಂತಿಗಳು ಚಿಕ್ಕದಾಗಿ ಬೋರ್ಡಿಗೆ ಒತ್ತಿಕೊಂಡಿರಲಿ.

ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ದಿಕ್ಕು ಯೋಚಿಸಿ ಹಾಕಬೇಕು. ಇನ್‌ಪುಟ್ ಕೆಪಾಸಿಟರಿನ ಪಾಸಿಟಿವ್ ಬೇಸಿನ ಕಡೆಗೆ, ಏಕೆಂದರೆ ಬೇಸ್ 2 ವೋಲ್ಟಿನಲ್ಲಿದೆ, ಜನರೇಟರ್ ಕಡೆ ಸೊನ್ನೆ. ಔಟ್‌ಪುಟ್ ಕೆಪಾಸಿಟರಿನ ಪಾಸಿಟಿವ್ ಕಲೆಕ್ಟರ್ ಕಡೆಗೆ. ಬೈಪಾಸ್ ಕೆಪಾಸಿಟರಿನ ಪಾಸಿಟಿವ್ ಎಮಿಟರ್‌ಗೆ. ಮೈಮೇಲೆ ಬಿಳಿ ಪಟ್ಟಿ ಇರುವ ಕಡೆ ನೆಗೆಟಿವ್.

ಪವರ್ ಸಪ್ಲೈಯನ್ನು ಸರ್ಕ್ಯೂಟಿಗೆ ಜೋಡಿಸುವ ಮೊದಲೇ 12 ವೋಲ್ಟಿಗೆ ಇಟ್ಟು, ಕರೆಂಟ್ ಮಿತಿಯನ್ನು 20ರಿಂದ 50 ಮಿಲಿಆಂಪ್ ಒಳಗೆ ಇಡಿ. ನಮ್ಮ ಸರ್ಕ್ಯೂಟ್ ಎಳೆಯುವುದು ಒಟ್ಟು 1.6 ಮಿಲಿಆಂಪ್ ಅಷ್ಟೇ. ಸಪ್ಲೈಯ ಮುಖದಲ್ಲಿ 0.00 ಆಂಪ್ ಎಂದೇ ಕಾಣಬೇಕು. 0.02, 0.03 ಕಂಡರೆ ತಕ್ಷಣ ಆಫ್ ಮಾಡಿ.

ಮೂರು ಜಾಗ, ಮೂರು ಸಂಖ್ಯೆ

ಜನರೇಟರ್ ಇನ್ನೂ ಟೇಬಲ್ ಮೇಲೆ ಸುಮ್ಮನಿರಲಿ. ಸಪ್ಲೈ ಆನ್ ಮಾಡಿ, ಮೀಟರಿನ ಕಪ್ಪು ಪ್ರೋಬನ್ನು ಗ್ರೌಂಡಿಗೆ ಕಚ್ಚಿಸಿ. ಮೊದಲು ಬೋರ್ಡಿನ ಸಾಲಿನಲ್ಲೇ 12 ವೋಲ್ಟ್ ಇದೆಯೇ ನೋಡಿ, ಸಪ್ಲೈಯ ಡಿಸ್‌ಪ್ಲೇಯಲ್ಲಿ ಅಲ್ಲ. ಆಮೇಲೆ ಬೇಸ್, ಎಮಿಟರ್, ಕಲೆಕ್ಟರ್. ಟ್ರಾನ್ಸಿಸ್ಟರಿನ ಕಾಲಿಗೇ ಪ್ರೋಬ್ ಮುಟ್ಟಿಸಿ ಅಳೆಯಿರಿ. ಪಕ್ಕದ ತೂತಿನ ತಂತಿಗೆ ಮುಟ್ಟಿಸಿದರೆ, ಕಾಲು ತೂತಿನಲ್ಲಿ ಸಡಿಲವಾಗಿ ಕೂತಿದ್ದರೂ ಸಂಖ್ಯೆ ಸರಿಯಾಗಿಯೇ ಕಂಡು ಮೋಸವಾಗುತ್ತದೆ.

ಲೆಕ್ಕಕ್ಕಿಂತ ಶೇಕಡಾ ಐದು ಹತ್ತು ಆಚೀಚೆ ಬಂದರೆ ಚಿಂತೆಯಿಲ್ಲ, ರೆಸಿಸ್ಟರ್‌ಗಳೇ ಅಷ್ಟು ಆಚೀಚೆ ಇರುತ್ತವೆ. ಸರಿ ಬಂದರೆ ಒಂದು ಸಣ್ಣ ಕೆಲಸ ಮಾಡಿ ನೋಡಿ: ಮೀಟರನ್ನು ಎಮಿಟರ್ ಮೇಲೆ ಇಟ್ಟುಕೊಂಡೇ ಟ್ರಾನ್ಸಿಸ್ಟರಿನ ಪ್ಲಾಸ್ಟಿಕ್ ಮೈಯನ್ನು ಎರಡು ಬೆರಳಲ್ಲಿ ಹಿಡಿಯಿರಿ. ಅರ್ಧ ನಿಮಿಷದಲ್ಲಿ 1.40 ಇದ್ದದ್ದು 1.41ರ ಕಡೆಗೆ ಮೆಲ್ಲಗೆ ಏರುತ್ತದೆ. ಬೇಸ್-ಎಮಿಟರ್ ಜಂಕ್ಷನ್ನಿನ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ ಎಂದು ಪಾಠದಲ್ಲಿ ಓದಿದ್ದು ಬೆರಳ ತುದಿಯಲ್ಲೇ ಕಾಣುತ್ತದೆ. ಕಲೆಕ್ಟರ್ ವೋಲ್ಟೇಜ್ ಓಡಿಹೋಗದೆ ನಿಂತಿರುವುದು ಎಮಿಟರ್ ರೆಸಿಸ್ಟರಿನ ಪುಣ್ಯ.

ಸಂಖ್ಯೆ ತಪ್ಪಿದರೆ ಅದೇ ದಾರಿ ತೋರಿಸುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಪರೀಕ್ಷೆಯ ತಿರುಳು ಇದೇ.

ಬೇಸ್ 0, ಎಮಿಟರ್ 0, ಕಲೆಕ್ಟರ್ 12 ಬಂದರೆ ಬೇಸಿಗೆ ಮೇಲಿನಿಂದ ಏನೂ ಬರುತ್ತಿಲ್ಲ. 47 ಕಿಲೋಓಮ್ ರೆಸಿಸ್ಟರಿನ ಒಂದು ಕಾಲು ಪಕ್ಕದ ಸಾಲಿಗೆ ಹೋಗಿದೆ, ಇಲ್ಲವೇ ಸಪ್ಲೈ ಸಾಲು ನಡುವೆ ತುಂಡಾಗಿ ಅದರ ತಂತಿ ಸತ್ತ ಭಾಗದಲ್ಲಿದೆ.

ಬೇಸ್ 3.6, ಎಮಿಟರ್ 2.9, ಕಲೆಕ್ಟರ್ 3 ಬಂದರೆ ಟ್ರಾನ್ಸಿಸ್ಟರ್ ಪೂರ್ತಿ ಸ್ಯಾಚುರೇಶನ್ನಿಗೆ ಹೋಗಿದೆ, ಅಂದರೆ ಆನ್ ಆದ ಸ್ವಿಚ್ಚಿನಂತಾಗಿದೆ. ಕೆಳಗಿನ 10 ಕಿಲೋಓಮ್ ಗ್ರೌಂಡಿಗೆ ತಲುಪಿಲ್ಲ. ಮೇಲಿನಿಂದ ಬಂದ ಕರೆಂಟಿಗೆ ಬೇರೆ ದಾರಿಯಿಲ್ಲದೆ ಎಲ್ಲವೂ ಬೇಸಿಗೇ ನುಗ್ಗುತ್ತಿದೆ.

ಬೇಸ್ 0.85, ಎಮಿಟರ್ 0.15ರ ಹತ್ತಿರ, ಕಲೆಕ್ಟರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಕಲೆಕ್ಟರ್ ರೆಸಿಸ್ಟರ್ ತೆರೆದುಕೊಂಡಿದೆ. ಮೇಲಿನಿಂದ ಕರೆಂಟ್ ಬರದಿರುವಾಗ ಟ್ರಾನ್ಸಿಸ್ಟರ್ ಬರೀ ಒಂದು ಡಯೋಡ್ ಆಗಿ ಬೇಸನ್ನು ಕೆಳಗೆಳೆಯುತ್ತದೆ. ಇಲ್ಲಿ ಹಲವರು ಬೇಸ್ ಕಡಿಮೆ ಇದೆ ಎಂದು ಬೇಸಿನ ರೆಸಿಸ್ಟರ್‌ಗಳನ್ನೇ ಹುಡುಕುತ್ತಾ ಹೊತ್ತು ಕಳೆಯುತ್ತಾರೆ.

ಬೇಸ್ 0.7, ಎಮಿಟರ್ 0, ಕಲೆಕ್ಟರ್ 0.1 ಬಂದರೆ ಎಮಿಟರ್ ನೇರ ಗ್ರೌಂಡಿಗೆ ತಾಗಿದೆ: ಬೈಪಾಸ್ ಕೆಪಾಸಿಟರ್ ಶಾರ್ಟ್ ಆಗಿದೆ, ಅಥವಾ ಅದರ ಎರಡೂ ಕಾಲು ಒಂದೇ ಸಾಲಿಗೆ ಬಿದ್ದು, ಆ ಸಾಲು ಎಮಿಟರನ್ನು ಗ್ರೌಂಡಿಗೆ ಕಟ್ಟಿದೆ.

ಅತ್ಯಂತ ಮೋಸದ ದೋಷ ಒಂದಿದೆ. ಬೇಸ್ 2.1, ಎಮಿಟರ್ 1.6, ಕಲೆಕ್ಟರ್ 12. ಮೊದಲೆರಡು ನೋಡಿದರೆ ಸರಿಯಿದ್ದಂತೆಯೇ ಕಾಣುತ್ತದೆ. ಆದರೆ ಎಮಿಟರ್‌ನಲ್ಲಿ ನಿಜವಾಗಿ 1.6 ಮಿಲಿಆಂಪ್ ಹರಿಯುತ್ತಿದ್ದರೆ ಕಲೆಕ್ಟರ್ 12ರಲ್ಲಿ ನಿಲ್ಲುವುದು ಹೇಗೆ? ಎಮಿಟರ್ ರೆಸಿಸ್ಟರ್ ತೆರೆದುಕೊಂಡಿದೆ, ಮೀಟರಿನ 10 ಮೆಗಾಓಮ್ ಇನ್‌ಪುಟ್ಟೇ ಆ ರೆಸಿಸ್ಟರಿನ ಜಾಗದಲ್ಲಿ ಕೂತು ಒಂದು ಹುಸಿ ವೋಲ್ಟೇಜ್ ತೋರಿಸುತ್ತಿದೆ. ಮೂರೂ ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು ಎನ್ನುವುದು ಇದಕ್ಕೇ. ಬೇಸ್-ಎಮಿಟರ್ ನಡುವಿನ ವ್ಯತ್ಯಾಸ 0.65ರ ಬದಲು 0.5 ಅಥವಾ ಕಡಿಮೆ ಇದ್ದರೆ ಕರೆಂಟೇ ಇಲ್ಲ ಎಂದು ತಿಳಿಯಿರಿ. ಬೇಸ್ 2.1 ಇದ್ದು ಎಮಿಟರ್ ಪೂರ್ತಿ 0, ಕಲೆಕ್ಟರ್ 12 ಆದರೆ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ಜಂಕ್ಷನ್ನೇ ಹೋಗಿದೆ, ಇಲ್ಲವೇ ಕಾಲು ತೂತಿನೊಳಗೆ ಕೂತಿಲ್ಲ.

ಟ್ರಾನ್ಸಿಸ್ಟರ್ ತಿರುಗಾಮುರುಗ ಆಗಿ ಕಲೆಕ್ಟರ್ ಜಾಗದಲ್ಲಿ ಎಮಿಟರ್ ಕೂತರೆ ಸರ್ಕ್ಯೂಟ್ ಪೂರ್ತಿ ಸಾಯುವುದಿಲ್ಲ. ಬೇಸ್ ವೋಲ್ಟೇಜ್ ಇಳಿದಿರುತ್ತದೆ, ಮೇಲಿನ ಕಾಲಿನಲ್ಲಿ ವೋಲ್ಟೇಜ್ ಎಂಟು ಹತ್ತರ ಆಸುಪಾಸು ಇರುತ್ತದೆ, ಗೇನ್ ಕುಂಟುತ್ತಾ ಸ್ವಲ್ಪ ಬಂದಂತೆಯೂ ಕಾಣಬಹುದು. ಬಿಸಿ547ರ ಎಮಿಟರ್-ಬೇಸ್ ಜಂಕ್ಷನ್ ಹಿಮ್ಮುಖವಾಗಿ ತಡೆಯಬಲ್ಲ ಮಿತಿ ಬರೀ 6 ವೋಲ್ಟ್. ಆ ಮಿತಿ ಮೀರಿ ಬ್ರೇಕ್‌ಡೌನ್ ಆದರೆ ಕರೆಂಟ್ ಗೇನ್ ಕಾಯಂ ಆಗಿ ಕುಗ್ಗುತ್ತದೆ. ಅಂಥ ಟ್ರಾನ್ಸಿಸ್ಟರನ್ನು ಮತ್ತೆ ಡಬ್ಬಿಗೆ ಹಾಕಬೇಡಿ, ಮುಂದಿನ ಬ್ಯಾಚಿನ ಹುಡುಗಿಯೊಬ್ಬಳು ಅದರ ಹಿಂದೆ ಒಂದು ಮಧ್ಯಾಹ್ನ ಕಳೆಯುತ್ತಾಳೆ.

ಗ್ರೌಂಡ್ ಬಗ್ಗೆ ಒಂದು ಎಚ್ಚರಿಕೆ

ಸ್ಕೋಪ್ ಪ್ರೋಬಿನ ಕಪ್ಪು ಕ್ಲಿಪ್ಪು ಒಳಗಿನಿಂದ ಮೂರು ಪಿನ್ನಿನ ಅರ್ತ್‌ಗೆ ಸೇರಿದೆ. ಬಹುತೇಕ ಬೆಂಚ್ ಜನರೇಟರ್‌ಗಳ ಕಪ್ಪು ತಂತಿಯೂ ಹಾಗೇ. ಎರಡೂ ಕಪ್ಪು ತುದಿಗಳು ಸರ್ಕ್ಯೂಟಿನ ಗ್ರೌಂಡಿಗೇ ಹೋಗಬೇಕು, ಬೇರೆಲ್ಲಿಗೂ ಅಲ್ಲ. ಬೇಸ್-ಎಮಿಟರ್ ಸಿಗ್ನಲ್ ನೋಡೋಣ ಎಂದು ಕಪ್ಪು ಕ್ಲಿಪ್ಪನ್ನು ಎಮಿಟರ್‌ಗೆ ಕಚ್ಚಿಸಿದರೆ ಎಮಿಟರ್ ರೆಸಿಸ್ಟರ್ ಶಾರ್ಟ್ ಆಗುತ್ತದೆ. ಎರಡು ಬಿಂದುಗಳ ನಡುವಿನದ್ದು ಬೇಕಾದರೆ ಎರಡು ಚಾನೆಲ್ ಹಾಕಿ, ಮ್ಯಾತ್ ಮೆನುವಿನಲ್ಲಿ ಕಳೆಯಿರಿ. ಅರ್ತ್ ಪಿನ್ ಮುರಿದೋ ಎರಡು ಪಿನ್ನಿನ ಅಡಾಪ್ಟರ್ ಹಾಕಿಯೋ ಸ್ಕೋಪನ್ನು ತೇಲಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ. 230 ವೋಲ್ಟ್ ಸೋರಿಕೆಯಾದ ದಿನ ಸ್ಕೋಪಿನ ಲೋಹದ ಭಾಗ ಮುಟ್ಟಿದವರ ಜೀವ ಕಾಯುವುದು ಅದೊಂದೇ ಪಿನ್.

ಸಿಗ್ನಲ್ ಕೊಡುವುದು

ಗೇನ್ 160 ಇರುವ ಸರ್ಕ್ಯೂಟಿಗೆ 1 ವೋಲ್ಟ್ ಸಿಗ್ನಲ್ ಕೊಟ್ಟರೆ ಸಿಗುವುದು ಚೌಕಟ್ಟಾದ ವೇವ್‌ಫಾರ್ಮ್ ಅಷ್ಟೇ. ನಮಗೆ ಬೇಕಿರುವುದು ತುದಿಯಿಂದ ತುದಿಗೆ 10 ಮಿಲಿವೋಲ್ಟ್. ಎಷ್ಟೋ ಜನರೇಟರ್‌ಗಳು ಅಷ್ಟು ಕೆಳಗೆ ಶುದ್ಧವಾಗಿ ಇಳಿಯುವುದಿಲ್ಲ, ಇಳಿದರೂ ಸ್ಕೋಪಿನಲ್ಲಿ ಅದನ್ನು ಅಳೆಯಲು ಹೋದರೆ ನಾಯ್ಸ್‌ನಲ್ಲಿ ಮುಳುಗಿರುತ್ತದೆ.

ಇದಕ್ಕೆ ಸುಲಭ ಪರಿಹಾರ ಎರಡು ರೆಸಿಸ್ಟರ್. ಜನರೇಟರಿನಿಂದ 10 ಕಿಲೋಓಮ್, ಅದರ ಇನ್ನೊಂದು ತುದಿಯಿಂದ ಗ್ರೌಂಡಿಗೆ 100 ಓಮ್. ಇವೆರಡು ಸೇರುವ ಜಾಗದಿಂದ ಇನ್‌ಪುಟ್ ಕೆಪಾಸಿಟರ್‌ಗೆ. ಸಿಗ್ನಲ್ 101ನೇ ಒಂದು ಭಾಗಕ್ಕೆ ಇಳಿಯುತ್ತದೆ: 1 ವೋಲ್ಟ್ ಕೊಟ್ಟರೆ ಸರ್ಕ್ಯೂಟಿಗೆ 9.9 ಮಿಲಿವೋಲ್ಟ್. ಸ್ಕೋಪಿನ ಮೊದಲ ಚಾನೆಲನ್ನು 10 ಕಿಲೋಓಮ್‌ನ ಈಚೆ, 1 ವೋಲ್ಟ್ ಇರುವ ಕಡೆ ಇಡಿ. ದೊಡ್ಡ ಸಿಗ್ನಲ್ ಅಳೆದು 101ರಿಂದ ಭಾಗಿಸುವುದೇ ನಿಖರ.

ಜನರೇಟರಿನ ಡಿಸ್‌ಪ್ಲೇಯಲ್ಲಿ ಬಂದ ವೋಲ್ಟೇಜನ್ನು ಹಾಗೇ ರೆಕಾರ್ಡಿನಲ್ಲಿ ಬರೆಯಬೇಡಿ. ಹಲವು ಜನರೇಟರ್‌ಗಳು 50 ಓಮ್ ಲೋಡ್ ಇದೆ ಎಂದುಕೊಂಡು ಸಂಖ್ಯೆ ತೋರಿಸುತ್ತವೆ. ನಮ್ಮಂಥ ಹೆಚ್ಚಿನ ರೆಸಿಸ್ಟೆನ್ಸಿಗೆ ಕೊಟ್ಟಾಗ ನಿಜವಾದ ವೋಲ್ಟೇಜ್ ಅದರ ಎರಡರಷ್ಟಿರುತ್ತದೆ. ಹಾಗೆಯೇ ಪ್ರೋಬ್ 10 ಎಕ್ಸ್ ಸ್ಥಾನದಲ್ಲಿದ್ದರೆ ಸ್ಕೋಪಿನ ಚಾನೆಲ್ ಮೆನುವಿನಲ್ಲೂ 10 ಎಕ್ಸ್ ಇರಬೇಕು. ಗೇನ್ 16 ಅಥವಾ 1600 ಬಂತು ಎಂದರೆ ಮೊದಲು ನೋಡಬೇಕಾದ್ದು ಅಲ್ಲಿ.

ಜನರೇಟರ್ ಜೋಡಿಸಿದ ಮೇಲೆ ಬೇಸಿನ ಡಿಸಿ ವೋಲ್ಟೇಜನ್ನು ಇನ್ನೊಮ್ಮೆ ಅಳೆಯಿರಿ. 2.05 ಇದ್ದದ್ದು ಸೊನ್ನೆಯ ಹತ್ತಿರ ಬಿದ್ದರೆ ಇನ್‌ಪುಟ್ ಕೆಪಾಸಿಟರ್ ಶಾರ್ಟ್ ಆಗಿದೆ ಅಥವಾ ನೀವು ಅದನ್ನು ದಾಟಿ ನೇರ ಬೇಸಿಗೇ ತಂತಿ ಕೊಟ್ಟಿದ್ದೀರಿ. 100 ಓಮ್ ಬೇಸನ್ನು ನೆಲಕ್ಕೆ ಎಳೆದುಬಿಟ್ಟಿದೆ.

ಗೇನ್ ಮತ್ತು ವೇವ್‌ಫಾರ್ಮಿನ ಆಕಾರ

ಫ್ರೀಕ್ವೆನ್ಸಿ 1 ಕಿಲೋಹರ್ಟ್ಸ್, ಸೈನ್ ವೇವ್. ಎರಡನೇ ಚಾನೆಲ್ ಔಟ್‌ಪುಟ್ ಕೆಪಾಸಿಟರಿನ ಆಚೆಗೆ, ಟ್ರಿಗರ್ ಮೊದಲ ಚಾನೆಲ್ ಮೇಲೆ. ಔಟ್‌ಪುಟ್ ಸುಮಾರು 1.6 ವೋಲ್ಟ್ ಬರಬೇಕು, ಇನ್‌ಪುಟ್ ಏರುವಾಗ ಔಟ್‌ಪುಟ್ ಇಳಿಯಬೇಕು. ಎರಡೂ ಒಟ್ಟಿಗೆ ಏರುತ್ತಿದ್ದರೆ ಚಾನೆಲ್ ಮೆನುವಿನಲ್ಲಿ ಇನ್ವರ್ಟ್ ಆನ್ ಆಗಿದೆಯೇ ನೋಡಿ. 1.6 ವೋಲ್ಟನ್ನು 9.9 ಮಿಲಿವೋಲ್ಟಿನಿಂದ ಭಾಗಿಸಿದರೆ ಗೇನ್ 160ರ ಆಸುಪಾಸು, ಡೆಸಿಬಲ್‌ನಲ್ಲಿ 44.

ಡಿಸಿ ಎಲ್ಲ ಸರಿಯಿದ್ದು ಔಟ್‌ಪುಟ್ ಬರೀ 33 ಮಿಲಿವೋಲ್ಟ್ ಬಂದರೆ ಬೈಪಾಸ್ ಕೆಪಾಸಿಟರ್ ಕೆಲಸ ಮಾಡುತ್ತಿಲ್ಲ. ಗೇನ್ 3.3 ಎಂಬ ಮೊದಲಿನ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ, ಬೇರೆ ಏನನ್ನೂ ಹುಡುಕಬೇಕಾಗಿಲ್ಲ. ಔಟ್‌ಪುಟ್ಟಿನ ಮೇಲೆ 20 ಮಿಲಿಸೆಕೆಂಡಿಗೊಮ್ಮೆ ಅಲೆ ಏರಿಳಿದರೆ ಅದು 50 ಹರ್ಟ್ಸ್ ಹಮ್, ಎಲ್ಲೋ ಗ್ರೌಂಡ್ ಸಡಿಲವಾಗಿದೆ ಅಥವಾ ಇನ್‌ಪುಟ್ ತಂತಿ ಉದ್ದವಾಗಿದೆ. 10 ಮಿಲಿಸೆಕೆಂಡಿಗೊಮ್ಮೆ ಆದರೆ ಸಪ್ಲೈಯ ರಿಪಲ್. ಗೆರೆ ಇದ್ದಕ್ಕಿದ್ದಂತೆ ದಪ್ಪಗಾದರೆ ಟೈಮ್‌ಬೇಸ್ ಕಿರಿದು ಮಾಡಿ ನೋಡಿ, ಮೆಗಾಹರ್ಟ್ಸ್‌ನಲ್ಲಿ ಆಸಿಲೇಶನ್ ಇರಬಹುದು.

ಈಗ ಆಕಾರವನ್ನು ನೋಡಿ. ಸರ್ಕ್ಯೂಟ್ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ವೇವ್‌ಫಾರ್ಮ್ ಬರೀ ಗೇನಿನ ಸಂಖ್ಯೆಗಿಂತ ಹೆಚ್ಚು ಹೇಳುತ್ತದೆ. ಇನ್‌ಪುಟ್ಟನ್ನು 20 ಮಿಲಿವೋಲ್ಟಿಗೆ ಏರಿಸಿ. ಔಟ್‌ಪುಟ್ 3 ವೋಲ್ಟ್ ದಾಟುತ್ತದೆ, ಎಲ್ಲೂ ಕ್ಲಿಪ್ ಆಗಿಲ್ಲ (ತುದಿ ಕತ್ತರಿಸಿ ಚಪ್ಪಟೆಯಾಗಿಲ್ಲ), ಆದರೂ ಅದು ಸೈನ್ ವೇವ್ ಆಗಿ ಉಳಿದಿಲ್ಲ. ಮೇಲ್ತುದಿ ಅಗಲವಾಗಿ ದುಂಡಗಾಗಿದೆ, ಕೆಳತುದಿ ಚೂಪಾಗಿ ಉದ್ದವಾಗಿದೆ. ಟ್ರಾನ್ಸಿಸ್ಟರಿನ ಕರೆಂಟ್ ಬೇಸ್-ಎಮಿಟರ್ ವೋಲ್ಟೇಜಿನೊಂದಿಗೆ ಘಾತಾಂಕದಲ್ಲಿ ಏರುತ್ತದೆ. ಬೈಪಾಸ್ ಕೆಪಾಸಿಟರ್ ಎಮಿಟರನ್ನು ಸಿಗ್ನಲ್ ಮಟ್ಟಿಗೆ ಗ್ರೌಂಡಿಗೆ ಕಟ್ಟಿಹಾಕಿದ್ದರಿಂದ ಆ ವಕ್ರತೆ ಇಡಿಯಾಗಿ ಔಟ್‌ಪುಟ್ಟಿಗೆ ಬರುತ್ತದೆ. ಬೇಸಿನಲ್ಲಿ ಐದು ಹತ್ತು ಮಿಲಿವೋಲ್ಟ್ ಪೀಕ್ ಆದರೂ ಕಣ್ಣಿಗೆ ಬೀಳುವಷ್ಟು ವಿರೂಪ ಬಂದುಬಿಡುತ್ತದೆ.

ಪರಿಹಾರವನ್ನು ಅಲ್ಲೇ ಮಾಡಿ ನೋಡಿ: ಬೈಪಾಸ್ ಕೆಪಾಸಿಟರಿನ ಜೊತೆ ಸರಣಿಯಲ್ಲಿ ಒಂದು 100 ಓಮ್ ಹಾಕಿ. ಡಿಸಿ ವೋಲ್ಟೇಜ್ ಒಂದೂ ಬದಲಾಗುವುದಿಲ್ಲ. ಗೇನ್ 28ರ ಹತ್ತಿರಕ್ಕೆ ಇಳಿಯುತ್ತದೆ, ವೇವ್‌ಫಾರ್ಮ್ ಮತ್ತೆ ಅಂದವಾಗುತ್ತದೆ, ಟ್ರಾನ್ಸಿಸ್ಟರ್ ಬದಲಿಸಿದರೂ ಗೇನ್ ಅಷ್ಟೇ ಇರುತ್ತದೆ. ನನ್ನನ್ನು ಕೇಳಿದರೆ 160ರ ಗೇನಿಗಿಂತ ಈ 28ರ ಗೇನೇ ಒಳ್ಳೆಯ ಆಂಪ್ಲಿಫೈಯರ್.

ನಿಜವಾದ ಕ್ಲಿಪಿಂಗ್ ನೋಡಲು ಎರಡನೇ ಪ್ರೋಬನ್ನು ಕಲೆಕ್ಟರ್‌ಗೇ ಇಟ್ಟು ಡಿಸಿ ಕಪ್ಲಿಂಗ್ ಮಾಡಿ, ಇನ್‌ಪುಟ್ ಏರಿಸುತ್ತಾ ಹೋಗಿ. ಮೇಲ್ಭಾಗ 12 ವೋಲ್ಟಿಗೆ ತಾಗಿ ಚಪ್ಪಟೆಯಾದರೆ ಟ್ರಾನ್ಸಿಸ್ಟರ್ ಕಟ್ ಆಫ್ ಆಗುತ್ತಿದೆ, ಅಂದರೆ ಅದರಲ್ಲಿ ಕರೆಂಟ್ ನಿಲ್ಲುತ್ತಿದೆ. ಕೆಳಭಾಗ ಒಂದೂವರೆ ವೋಲ್ಟ್ ಹತ್ತಿರ ಚಪ್ಪಟೆಯಾದರೆ ಸ್ಯಾಚುರೇಶನ್. ನಮ್ಮ ಸರ್ಕ್ಯೂಟಿನಲ್ಲಿ ಮೇಲಕ್ಕೆ 4.6 ವೋಲ್ಟ್ ಜಾಗ, ಕೆಳಕ್ಕೆ ಅದಕ್ಕಿಂತ ಹೆಚ್ಚು. ಹಾಗಾಗಿ ಮೊದಲು ಮೇಲ್ತುದಿ ಕತ್ತರಿಸಬೇಕು. ಕೆಳಗೆ ಮೊದಲು ಕತ್ತರಿಸಿದರೆ ಬಯಾಸ್ (ಸಿಗ್ನಲ್ ಇಲ್ಲದಾಗಿನ ಡಿಸಿ ಕರೆಂಟ್) ಲೆಕ್ಕಕ್ಕಿಂತ ಹೆಚ್ಚಿದೆ ಎಂದರ್ಥ.

ಫ್ರೀಕ್ವೆನ್ಸಿ ರೆಸ್ಪಾನ್ಸ್

100 ಓಮ್ ತೆಗೆದು ಮೂಲ ಸರ್ಕ್ಯೂಟಿಗೆ ಮರಳಿ, 10 ಕಿಲೋಓಮ್ ಲೋಡ್ ಹಾಕಿ. ಗೇನ್ 120ರಿಂದ 130ಕ್ಕೆ ಇಳಿದಿರುತ್ತದೆ. 20 ಹರ್ಟ್ಸ್‌ನಿಂದ ಶುರು ಮಾಡಿ 50, 100, 200, 500 ಹೀಗೆ ಮೆಗಾಹರ್ಟ್ಸ್‌ವರೆಗೆ ಹೋಗಿ. ಪ್ರತಿ ಹೆಜ್ಜೆಯಲ್ಲೂ ಇನ್‌ಪುಟ್ 1 ವೋಲ್ಟೇ ಇದೆಯೇ ನೋಡಿ, ಜಾರಿದ್ದರೆ ಸರಿಪಡಿಸಿ. ಸ್ಕೋಪ್ ಡಿಸಿ ಕಪ್ಲಿಂಗಿನಲ್ಲೇ ಇರಲಿ, ಎಸಿ ಕಪ್ಲಿಂಗ್ ತಾನೇ ಕೆಳ ಫ್ರೀಕ್ವೆನ್ಸಿಯನ್ನು ತಿನ್ನುತ್ತದೆ. ಮಧ್ಯದ ಗೇನಿನ 0.707ರಷ್ಟಕ್ಕೆ ಇಳಿಯುವ ಎರಡು ಬಿಂದುಗಳ ಹತ್ತಿರ ಮಾತ್ರ ಸಣ್ಣ ಸಣ್ಣ ಹೆಜ್ಜೆ ಇಡಿ, ನಡುವೆ ಬೇಗ ಸಾಗಿದರೂ ಸೆಮಿಲಾಗ್ ಗ್ರಾಫಿಗೆ ತೊಂದರೆಯಿಲ್ಲ.

ಕೆಳಗಿನ ಕಟ್ ಆಫ್, ಅಂದರೆ ಗೇನ್ 0.707ರಷ್ಟಕ್ಕೆ ಇಳಿಯುವ ಕೆಳಗಿನ ಫ್ರೀಕ್ವೆನ್ಸಿ, ಯಾವ ಕೆಪಾಸಿಟರಿನಿಂದ ಬರುತ್ತದೆ? ವೈವಾದಲ್ಲಿ ಈ ಪ್ರಶ್ನೆಗೆ ಬರುವ ಉತ್ತರ ಹೆಚ್ಚಾಗಿ ಇನ್‌ಪುಟ್ ಕೆಪಾಸಿಟರ್. ಲೆಕ್ಕ ಬೇರೆ ಹೇಳುತ್ತದೆ. ಇನ್‌ಪುಟ್ ಕೆಪಾಸಿಟರಿಗೆ ಎದುರಾಗುವ ರೆಸಿಸ್ಟೆನ್ಸ್ 3 ಕಿಲೋಓಮ್, ಅದರ ಕಟ್ ಆಫ್ 5 ಹರ್ಟ್ಸ್. ಔಟ್‌ಪುಟ್ ಕೆಪಾಸಿಟರಿನದು 1 ಹರ್ಟ್ಸ್ ಚಿಲ್ಲರೆ. ಬೈಪಾಸ್ ಕೆಪಾಸಿಟರಿಗೆ ಕಾಣುವುದು ಎಮಿಟರಿನ ಬರೀ 18.5 ಓಮ್, ಆದ್ದರಿಂದ 100 ಮೈಕ್ರೊಫ್ಯಾರಡ್ ಇದ್ದರೂ ಅದರ ಕಟ್ ಆಫ್ 86 ಹರ್ಟ್ಸ್. ಅಳತೆಯಲ್ಲೂ 70ರಿಂದ 105ರೊಳಗೆ ಬರುತ್ತದೆ. ನಂಬಿಕೆ ಬರದಿದ್ದರೆ ಬೈಪಾಸನ್ನು 10 ಮೈಕ್ರೊಫ್ಯಾರಡ್‌ಗೆ ಬದಲಿಸಿ, ಕಟ್ ಆಫ್ 800 ಹರ್ಟ್ಸ್ ದಾಟಿ ಹೋಗುತ್ತದೆ. ಇನ್‌ಪುಟ್ ಕೆಪಾಸಿಟರನ್ನು ದೊಡ್ಡದು ಮಾಡಿ ನೋಡಿ, ಏನೂ ಆಗುವುದಿಲ್ಲ.

ಮೇಲಿನ ಕಟ್ ಆಫ್ ಅಳೆಯುವಾಗ ನಿಮ್ಮ ಪ್ರೋಬೂ ಸರ್ಕ್ಯೂಟಿನ ಭಾಗವಾಗಿಬಿಡುತ್ತದೆ. 1 ಎಕ್ಸ್ ಪ್ರೋಬ್ ಅಥವಾ ಮೊಸಳೆ ಕ್ಲಿಪ್ಪಿನ ಬಿಎನ್‌ಸಿ ಕೇಬಲ್ ಸುಮಾರು 100 ಪಿಕೊಫ್ಯಾರಡ್ ತೂಗುಹಾಕುತ್ತದೆ, ಕಲೆಕ್ಟರಿನ ಎರಡೂವರೆ ಕಿಲೋಓಮ್ ಜೊತೆ ಸೇರಿ ಕೆಲವು ನೂರು ಕಿಲೋಹರ್ಟ್ಸ್‌ಗೇ ಗೇನ್ ಬೀಳುತ್ತದೆ. ಅದನ್ನೇ 10 ಎಕ್ಸ್‌ನಲ್ಲಿ ಅಳೆದರೆ ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. ರೆಕಾರ್ಡಿನಲ್ಲಿ ಯಾವ ಪ್ರೋಬ್ ಬಳಸಿದ್ದು ಎಂದು ಬರೆಯದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಇಂಪಿಡೆನ್ಸ್, ಮತ್ತು ಎರಡನೇ ಸ್ಟೇಜ್

ಔಟ್‌ಪುಟ್ ಇಂಪಿಡೆನ್ಸ್ ಅಳೆಯಲು ಎರಡೇ ಓದು ಸಾಕು. ಲೋಡ್ ಇಲ್ಲದೆ 1.6 ವೋಲ್ಟ್, 10 ಕಿಲೋಓಮ್ ಹಾಕಿದಾಗ 1.22 ವೋಲ್ಟ್ ಬಂತು ಎನ್ನಿ. ಬಿದ್ದ 0.38 ಅನ್ನು 1.22ರಿಂದ ಭಾಗಿಸಿ 10ರಿಂದ ಗುಣಿಸಿದರೆ 3.1 ಕಿಲೋಓಮ್. ಇನ್‌ಪುಟ್ಟಿಗೆ, ಎರಡು ರೆಸಿಸ್ಟರ್ ಸೇರುವ ಜಾಗಕ್ಕೂ ಇನ್‌ಪುಟ್ ಕೆಪಾಸಿಟರಿಗೂ ನಡುವೆ 3.3 ಕಿಲೋಓಮ್ ಸೇರಿಸಿ, ಲೋಡ್ ತೆಗೆದಿಟ್ಟು ಔಟ್‌ಪುಟ್ ನೋಡಿ. 1.6 ಇದ್ದದ್ದು 0.76ಕ್ಕೆ ಇಳಿದರೆ, 3.3 × 0.76 ÷ 0.84, ಅಂದರೆ 3 ಕಿಲೋಓಮ್. ಎಚ್‌ಎಫ್‌ಇ ಸಾಕೆಟ್ಟಿನಲ್ಲಿ ಬಂದ ಸಂಖ್ಯೆಯನ್ನು 18.5ರಿಂದ ಗುಣಿಸಿ, 47 ಮತ್ತು 10 ಕಿಲೋಓಮ್‌ಗಳಿಗೆ ಸಮಾನಾಂತರ ಹಾಕಿ ಹೋಲಿಸಿ.

ಈ ಎರಡು ಸಂಖ್ಯೆ ಕೈಲಿದ್ದರೆ ಎರಡು ಸ್ಟೇಜ್ (ಇಂಥದೇ ಎರಡು ಆಂಪ್ಲಿಫೈಯರ್) ಒಂದರ ಹಿಂದೊಂದು ಜೋಡಿಸಿದಾಗ ಗೇನ್ ಏಕೆ 160 × 160 ಆಗುವುದಿಲ್ಲ ಎಂದು ಯಾರೂ ವಿವರಿಸಬೇಕಿಲ್ಲ. ಮೊದಲ ಸ್ಟೇಜಿನ 3.1 ಕಿಲೋಓಮ್ ಎದುರು ಎರಡನೆಯದರ 3 ಕಿಲೋಓಮ್ ಕೂತು ಮೊದಲನೆಯದರ ಗೇನ್ ಅರ್ಧವಾಗುತ್ತದೆ, ಒಟ್ಟು 13,000ದ ಆಸುಪಾಸು. ಅಷ್ಟೂ ಬ್ರೆಡ್‌ಬೋರ್ಡಿಗೆ ವಿಪರೀತವೇ: ಇನ್‌ಪುಟ್ಟಿನಲ್ಲಿ 50 ಮೈಕ್ರೊವೋಲ್ಟ್ ಹಮ್ ಸೇರಿದರೂ ಔಟ್‌ಪುಟ್ಟಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕುಣಿಯುತ್ತದೆ. ಎರಡೂ ಸ್ಟೇಜಿನ ಬೈಪಾಸ್ ಜೊತೆ 100 ಓಮ್ ಹಾಕಿ. ಮೊದಲ ಸ್ಟೇಜಿನ 12 ವೋಲ್ಟಿಗೂ ಒಂದು 100 ಓಮ್ ಸರಣಿಯಲ್ಲಿ ಹಾಕಿ, ಆ ರೆಸಿಸ್ಟರ್ ದಾಟಿದ ಮೇಲೆ 100 ಮೈಕ್ರೊಫ್ಯಾರಡ್ ಅನ್ನು ಗ್ರೌಂಡಿಗೆ ಕೊಡಿ, ಎರಡನೇ ಸ್ಟೇಜಿನ ಏರಿಳಿತ ಸಪ್ಲೈ ಮೂಲಕ ಹಿಂದೆ ಬಾರದಿರಲಿ. ಆಗ ಒಟ್ಟು ಗೇನ್ ಸುಮಾರು 540. 9.9 ಮಿಲಿವೋಲ್ಟ್ ಕೊಟ್ಟರೆ ತುದಿಯಿಂದ ತುದಿಗೆ ಐದು ವೋಲ್ಟಿಗಿಂತ ಹೆಚ್ಚು, ಎಲ್ಲೂ ಕ್ಲಿಪ್ ಆಗದೆ ಬರುತ್ತದೆ. ಎರಡನೇ ಸ್ಟೇಜನ್ನು ಮೊದಲನೆಯದಕ್ಕೆ ಜೋಡಿಸುವ ಮೊದಲು ಅದರಲ್ಲೂ ಬೇಸ್, ಎಮಿಟರ್, ಕಲೆಕ್ಟರ್ ಮೂರನ್ನೂ ಅಳೆದು ಬರೆದುಕೊಳ್ಳಿ.